ಒಂದು ಪುಟ್ಟ ಜೇನು ಹಾರುವಷ್ಟು ದೂರ

(ನೆರೆಹೊರೆಯವರು ಕೂಡಿ ಸ್ಥಳೀಯ ಗಿಡಗಳ ತೋಟ ಬೆಳೆಸುವುದರ ಕುರಿತು ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಅವುಗಳಿಗೆ ಕೊಟ್ಟ ಉತ್ತರಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲಿಗೆ ಈ ಎಲೆಯನ್ನು ನೋಡಿ. ನೋಡಿದ ಮೇಲೆ ಪಕ್ಕದವರಿಗೆ ದಾಟಿಸಿ. ಇದು ಗುಲಾಬಿ ಗಿಡದ ಎಲೆ. ಅಂಚಿನಲ್ಲಿ ಎರಡು ಕಡೆ ತುಂಡು ಹೋಗಿದೆ. ಒಂದು ಕಡೆ ಪೂರಾ ದುಂಡಗೆ, ಇನ್ನೊಂದು ಕಡೆ ಮೊಟ್ಟೆಯ ಆಕಾರದಲ್ಲಿ. ಕಂಬಳಿಹುಳು ಮೇಯ್ದಿದ್ದರೆ ಅಂಚು ಅಂಕುಡೊಂಕಾಗಿರುತ್ತಿತ್ತು. ಇದು ಚೂಪಾದ ಕತ್ತರಿಯಿಂದ ಕತ್ತರಿಸಿದಂತಿದೆ. ಇಂಥ ಎಲೆ ಕಂಡ ಕೂಡಲೇ ಔಷಧಿ ಸಿಂಪಡಿಸಲು ಹೊರಡುವವರನ್ನು ನಾನು ಬಹಳ ನೋಡಿದ್ದೇನೆ. ದಯವಿಟ್ಟು ಹೊರಡಬೇಡಿ. ಇದು ಎಲೆಕತ್ತರಿ ಜೇನಿನ ಕೆಲಸ. ಕತ್ತರಿಸಿದ ತುಂಡನ್ನು ಅದು ತಿನ್ನುವುದಿಲ್ಲ, ಅದರಿಂದ ಮರಿಗಳಿಗೆ ತೊಟ್ಟಿಲು ಕಟ್ಟುತ್ತದೆ. ಗಿಡಕ್ಕೂ ಇದರಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ.

ಒಂದು ಬೆಳಿಗ್ಗೆ ಆ ಗಿಡದ ಪಕ್ಕದಲ್ಲೇ ಕುಳಿತು ಈ ಕೆಲಸವನ್ನು ನೋಡಿದೆ. ಜೇನು ಎಲೆಯಂಚಿಗೆ ಬಂದು ಕುಳಿತಿತು. ಅಂಚನ್ನು ಕಾಲುಗಳ ನಡುವೆ ಹಿಡಿದುಕೊಂಡು, ತನ್ನ ಮೈಯನ್ನೇ ಕೈವಾರದಂತೆ ತಿರುಗಿಸುತ್ತಾ ಕತ್ತರಿಸತೊಡಗಿತು. ಅರೆ ನಿಮಿಷವೂ ಹಿಡಿಯಲಿಲ್ಲ. ತುಂಡು ಕಳಚಿಕೊಳ್ಳುವ ಹೊತ್ತಿಗೆ ರೆಕ್ಕೆ ಬಡಿಯಲು ಶುರು ಮಾಡಿತ್ತು, ಹಾಗಾಗಿ ಎಲೆಯೊಂದಿಗೆ ನೆಲಕ್ಕೆ ಬೀಳದೆ ನೇರವಾಗಿ ಗಾಳಿಗೇರಿತು. ಹಳೆಯ ಮರದ ಕಂಬವೊಂದರ ತೂತಿನಲ್ಲಿ ಅದರ ಗೂಡಿತ್ತು. ಉದ್ದನೆಯ ತುಂಡುಗಳು ಗೋಡೆಗೆ, ದುಂಡನೆಯವು ಮುಚ್ಚಳಕ್ಕೆ. ಒಂದೊಂದು ಕೋಣೆಯೊಳಗೂ ಪರಾಗ ಮತ್ತು ಮಕರಂದ ಕಲಸಿದ ಒಂದು ಉಂಡೆ, ಅದರ ಮೇಲೆ ಒಂದೇ ಒಂದು ಮೊಟ್ಟೆ. ಆ ಉಂಡೆಗಾಗಿ ತಾಯಿ ಜೇನು ಹೂವಿನಿಂದ ಗೂಡಿಗೆ, ಗೂಡಿನಿಂದ ಹೂವಿಗೆ ಮತ್ತೆ ಮತ್ತೆ ಓಡಾಡಬೇಕು. ಅದಕ್ಕೆ ಕೈಜೋಡಿಸಲು ದಾಸಿ ಜೇನುಗಳಿಲ್ಲ, ಇರುವುದು ಅದೊಂದೇ.

ಹೂವು ಎಷ್ಟು ದೂರದಲ್ಲಿದ್ದರೆ ಈ ಓಡಾಟ ಸಾಧ್ಯ? ನನ್ನ ಇಂದಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ ಇದೆ. ಗೂಡಿನಲ್ಲಿ ಸಂಸಾರ ಕಟ್ಟುವ ಜೇನುನೊಣಗಳು ಮೇವಿಗಾಗಿ ಕೆಲವು ಕಿಲೋಮೀಟರ್ ಹಾರಬಲ್ಲವು. ಒಂಟಿ ಜೇನುಗಳ ವಿಷಯ ಬೇರೆ. ಇವುಗಳ ಮೇಲೆ ಜರ್ಮನಿಯಲ್ಲಿ ನಡೆದ, 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅವು ಹಾರಿಹೋಗುವ ಗರಿಷ್ಠ ದೂರ 150ರಿಂದ 600 ಮೀಟರ್ ಎಂದು ಕಂಡುಬಂತು. ಮೈ ಚಿಕ್ಕದಾದಷ್ಟೂ ದೂರ ಕಡಿಮೆ. ಅಂದರೆ ಒಂದು ಪುಟ್ಟ ಜೇನಿನ ಇಡೀ ಲೋಕ ನಾವು ಐದು ನಿಮಿಷದಲ್ಲಿ ನಡೆದು ದಾಟುವಷ್ಟು. ಅದರ ಮನೆ, ಅಂಗಡಿ, ಆಸ್ಪತ್ರೆ ಎಲ್ಲವೂ ಅಷ್ಟರೊಳಗೇ ಇರಬೇಕು.

ನನ್ನ ಮನೆಯ ಮುಂದಿನ ಪಾತಿ ಎಷ್ಟೇ ಚೆನ್ನಾಗಿದ್ದರೂ ಆ ಲೋಕ ಅದರೊಳಗೆ ಹಿಡಿಸುವುದಿಲ್ಲ. ಹತ್ತಾರು ಮನೆಗಳು, ಒಂದು ಶಾಲೆ, ಒಂದೆರಡು ರಸ್ತೆಯಂಚು, ಯಾರೂ ನೋಡಿಕೊಳ್ಳದ ಒಂದು ಖಾಲಿ ಜಾಗ, ಇವೆಲ್ಲ ಸೇರಿದರೆ ಹಿಡಿಸೀತು. ಪರಾಗಸ್ಪರ್ಶಕಗಳಿಗಾಗಿ ತೋಟ ಮಾಡುವುದು ನೆರೆಹೊರೆಯವರೆಲ್ಲ ಸೇರಿ ಮಾಡಬೇಕಾದ ಕೆಲಸ ಎಂದು ನಾನು ಇಷ್ಟು ಒತ್ತಿ ಹೇಳಲು ಈ ಅಳತೆಯೇ ಕಾರಣ.

ಪರಾಗಸ್ಪರ್ಶಕಗಳು ಯಾರು ಎಂಬುದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಈವರೆಗೆ ಗುರುತಿಸಿರುವ ಜೇನು ಜಾತಿಗಳೇ 20,000ಕ್ಕೂ ಹೆಚ್ಚು. ದೊಡ್ಡ ಸಂಸಾರ ಕಟ್ಟಿ ತುಪ್ಪ ಕೂಡಿಡುವವು ಅವುಗಳಲ್ಲಿ ಅಲ್ಪ ಪಾಲು. ಉಳಿದಂತೆ ಚಿಟ್ಟೆ, ಪತಂಗ, ಕಣಜ, ಹೂನೊಣ, ಜೀರುಂಡೆ, ಹೂಹಕ್ಕಿ, ಬಾವಲಿ. ವಿಶ್ವಸಂಸ್ಥೆಯ ಬೆಂಬಲದೊಂದಿಗೆ ಜೀವವೈವಿಧ್ಯವನ್ನು ಅಧ್ಯಯನ ಮಾಡುವ ಅಂತರ ಸರ್ಕಾರಿ ವೇದಿಕೆ 2016ರಲ್ಲಿ ಕೊಟ್ಟ ವರದಿಯ ಪ್ರಕಾರ, ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿನವು ಸ್ವಲ್ಪ ಮಟ್ಟಿಗಾದರೂ ಇವುಗಳನ್ನು ನೆಚ್ಚಿವೆ. ಕಾಡು ಹೂಗಿಡಗಳಲ್ಲಿ ಆ ಪಾಲು ಶೇಕಡ 90ರ ಹತ್ತಿರ.

ಈ ಮಾತು ಅಂಕಿಯಲ್ಲಿ ಇರುವುದಕ್ಕಿಂತ ಕಣ್ಣೆದುರು ಕಂಡರೆ ಹೆಚ್ಚು ನಾಟುತ್ತದೆ. ಮಕ್ಕಳ ಗುಂಪು ಸಿಕ್ಕಾಗಲೆಲ್ಲ ನಾನು ಒಂದು ಪ್ರಯೋಗ ಮಾಡಿಸುತ್ತೇನೆ. ಅರಳಿದ ಟೊಮೆಟೊ ಹೂವೊಂದರ ಕೆಳಗೆ ಕಪ್ಪು ಕಾಗದ ಹಿಡಿಯಲು ಒಬ್ಬರಿಗೆ ಹೇಳುತ್ತೇನೆ. ಹೂವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ಕಾಗದದ ಮೇಲೆ ಏನೂ ಬೀಳುವುದಿಲ್ಲ. ಆಮೇಲೆ ಭೌತಶಾಸ್ತ್ರದ ಪ್ರಯೋಗಾಲಯದ ಶ್ರುತಿಕವೆಯನ್ನು ಮೀಟಿ ಹೂವಿಗೆ ತಾಗಿಸುತ್ತೇವೆ. ಉಪ್ಪಿನ ಡಬ್ಬಿ ಅಲುಗಾಡಿಸಿದ ಹಾಗೆ ಹಳದಿ ಪುಡಿ ಉದುರುತ್ತದೆ. ಟೊಮೆಟೊ, ಬದನೆಗಳ ಪರಾಗಕೋಶ ಉಳಿದ ಹೂಗಳಂತೆ ಬಿರಿದುಕೊಳ್ಳುವುದಿಲ್ಲ. ಅದರ ತುದಿಯಲ್ಲಿ ಸಣ್ಣ ರಂಧ್ರವಿದೆ, ಒಳಗಿನ ಪರಾಗ ಹೊರಬರಬೇಕಾದರೆ ಸರಿಯಾದ ನಡುಕ ಬೇಕು. ದೊಡ್ಡ ಕಪ್ಪು ದುಂಬಿ ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಬಡಿಯದೆ, ಎದೆಯ ಸ್ನಾಯುಗಳನ್ನು ಮಾತ್ರ ಕಂಪಿಸಿ ಈ ನಡುಕ ಕೊಡುತ್ತದೆ. ಆಗ ಅದರ ಝೇಂಕಾರದ ಶ್ರುತಿ ಸಟ್ಟನೆ ಮೇಲೇರುವುದನ್ನು ಕಿವಿಗೊಟ್ಟರೆ ಕೇಳಬಹುದು. ಜೇನುನೊಣಕ್ಕೆ ಈ ವಿದ್ಯೆ ಬರುವುದಿಲ್ಲ. ಕಾಗದದ ಮೇಲಿನ ಆ ಹಳದಿ ಪುಡಿಯನ್ನು ನೋಡಿದ ಮಗು ಮುಂದೆಂದೂ ದುಂಬಿಯನ್ನು ಪೊರಕೆಯಿಂದ ಹೊಡೆಯುವುದಿಲ್ಲ.

ಇಲ್ಲೇ ಒಬ್ಬರು ಕೇಳಿದರು: “ಹಾಗಾದರೆ ನಾವೆಲ್ಲ ಸೇರಿ ನಾಲ್ಕು ಜೇನುಪೆಟ್ಟಿಗೆ ಇಟ್ಟರೆ ಸಾಲದೇ?” ಜೇನು ಸಾಕಣೆ ಒಳ್ಳೆಯ ಕಸುಬು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಪೆಟ್ಟಿಗೆ ಇಡುವುದೆಂದರೆ ಒಂದು ಸಾಕುಪ್ರಾಣಿಯನ್ನು ತಂದು ಕಟ್ಟಿದಂತೆ. ಒಂದು ಪೆಟ್ಟಿಗೆಯಲ್ಲಿ ಹತ್ತಾರು ಸಾವಿರ ಬಾಯಿಗಳಿರುತ್ತವೆ. ಹೂವು ಕಡಿಮೆ ಇರುವ ಕಡೆ ಪೆಟ್ಟಿಗೆ ಹೆಚ್ಚಿಸಿದರೆ ಎಲೆಕತ್ತರಿಯಂಥ ಒಂಟಿ ಜೇನುಗಳ ಬಾಯಿಗೆ ಬರಬೇಕಾದ ತುತ್ತು ಕಡಿಮೆಯಾಗುತ್ತದೆ. ಮೊದಲು ಮೇವು ಬೆಳೆಯಲಿ.

ಮೇವು ಎಂದರೆ ಯಾವ ಹೂವು? ಸ್ಥಳೀಯ ಗಿಡಗಳ ಮಾತು ಬರುವುದು ಇಲ್ಲಿ. ಮಕರಂದ ಕುಡಿಯಲು ಚಿಟ್ಟೆ ಅಷ್ಟೇನೂ ಹಟ ಮಾಡುವುದಿಲ್ಲ, ದೂರದ ದೇಶದಿಂದ ತಂದ ಹೂವಿನಲ್ಲೂ ಕುಡಿಯುತ್ತದೆ. ಅದನ್ನು ನೋಡಿ ನಾವು ಮೋಸಹೋಗುತ್ತೇವೆ. ಮೊಟ್ಟೆ ಇಡುವಾಗ ಅದೇ ಚಿಟ್ಟೆ ಬಹಳ ಕಟ್ಟುನಿಟ್ಟು. ಎಲೆಗಳಲ್ಲಿ ಗಿಡಗಳು ತುಂಬಿಟ್ಟುಕೊಂಡಿರುವ ವಿಷವನ್ನು ತಾಳಿಕೊಳ್ಳಲು ಒಂದೊಂದು ಜಾತಿಯ ಕಂಬಳಿಹುಳುವೂ ಸಾವಿರಾರು ವರ್ಷಗಳಲ್ಲಿ ಕೆಲವೇ ಗಿಡಗಳ ಜೊತೆ ಒಗ್ಗಿಕೊಂಡಿರುತ್ತದೆ. ಹೊಸದಾಗಿ ಬಂದ ಗಿಡದ ಎಲೆ ಅದಕ್ಕೆ ಆಹಾರವೇ ಅಲ್ಲ. ಅಮೆರಿಕದ ಕೀಟವಿಜ್ಞಾನಿ ಡಗ್ಲಸ್ ಟಾಲಮಿ ಇದನ್ನು ಲೆಕ್ಕ ಹಾಕಿ ತೋರಿಸಿದವರು. ಅಲ್ಲಿನ ಮಧ್ಯ ಅಟ್ಲಾಂಟಿಕ್ ಪ್ರದೇಶದ ಓಕ್ ಮರಗಳು 500ಕ್ಕೂ ಹೆಚ್ಚು ಜಾತಿಯ ಚಿಟ್ಟೆ, ಪತಂಗಗಳ ಮರಿಗಳನ್ನು ಸಾಕುತ್ತವೆ. ಅದೇ ಬೀದಿಯಲ್ಲಿ ಏಷ್ಯಾದಿಂದ ತಂದು ನೆಟ್ಟ ಗಿಂಕೊ ಮರದಲ್ಲಿ ಬೆರಳೆಣಿಕೆಯಷ್ಟು ಜಾತಿಗಳೂ ಕಷ್ಟ.

ಎಲೆ ತಿನ್ನುವ ಹುಳು ಕಡಿಮೆಯಾದರೆ ಒಳ್ಳೆಯದೇ ಅಲ್ಲವೇ ಎನ್ನಿಸಬಹುದು. ಅಲ್ಲಿ ಚಿಕಡೀ ಎಂಬ ಒಂದು ಪುಟ್ಟ ಹಕ್ಕಿ ಇದೆ. ಒಂದು ಸಲದ ಮರಿಗಳನ್ನು ರೆಕ್ಕೆ ಬಲಿಯುವವರೆಗೆ ಬೆಳೆಸಲು ತಂದೆ ತಾಯಿ ಹಕ್ಕಿಗಳು 6,000ದಿಂದ 9,000 ಕಂಬಳಿಹುಳುಗಳನ್ನು ಹೆಕ್ಕಿ ತರಬೇಕು. ವಾಷಿಂಗ್ಟನ್ ಸುತ್ತಲಿನ ಮನೆಗಳ ಹಿತ್ತಿಲುಗಳಲ್ಲಿ ಟಾಲಮಿ ಮತ್ತು ಜೊತೆಗಾರರು ನಡೆಸಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಟ್ಟು ಹಸಿರಿನಲ್ಲಿ ಶೇಕಡ 70ಕ್ಕಿಂತ ಹೆಚ್ಚು ಸ್ಥಳೀಯ ಗಿಡಗಳಿರುವ ಕಡೆ ಮಾತ್ರ ಈ ಹಕ್ಕಿಯ ಸಂತತಿ ಕುಗ್ಗದೆ ಉಳಿಯಿತು. ನನಗೆ ಈ ಅಂಕಿಯಲ್ಲಿ ಸಮಾಧಾನವೇ ಕಾಣುತ್ತದೆ. ಅಜ್ಜಿ ನೆಟ್ಟ ಗುಲಾಬಿಯನ್ನು ಯಾರೂ ಕೀಳಬೇಕಿಲ್ಲ. ಹತ್ತರಲ್ಲಿ ಏಳು ಪಾಲು ಆ ನೆಲದ ಗಿಡಗಳಿಗೆ ಬಿಟ್ಟುಕೊಟ್ಟರೆ ಉಳಿದದ್ದು ನಮ್ಮ ಇಷ್ಟ.

ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೂ ಎಡವಬಹುದು ಎಂಬುದಕ್ಕೆ ಮೊನಾರ್ಕ್ ಚಿಟ್ಟೆಯ ಕಥೆ ಇದೆ. ಉತ್ತರ ಅಮೆರಿಕದಿಂದ ಮೆಕ್ಸಿಕೊದ ಬೆಟ್ಟಗಳಿಗೆ ವಲಸೆ ಹೋಗುವ ಈ ಚಿಟ್ಟೆಯ ಮರಿಗಳು ಮಿಲ್ಕ್‌ವೀಡ್ ಎಂಬ ಗಿಡಗಳನ್ನಷ್ಟೇ ತಿನ್ನುತ್ತವೆ. ಮುರಿದರೆ ಹಾಲು ಸುರಿಯುವ, ನಮ್ಮ ಎಕ್ಕದ ಬಳಗದ ಗಿಡಗಳು. ಚಿಟ್ಟೆ ಕಡಿಮೆಯಾಗುತ್ತಿದೆ ಎಂದು ತಿಳಿದಾಗ ಜನ ಮನೆಮನೆಯಲ್ಲೂ ಮಿಲ್ಕ್‌ವೀಡ್ ನೆಟ್ಟರು. ನರ್ಸರಿಗಳಲ್ಲಿ ಸುಲಭವಾಗಿ ಸಿಗುತ್ತಿದ್ದದ್ದು ದಕ್ಷಿಣದ ಬೆಚ್ಚನೆಯ ನಾಡುಗಳ, ಕೆಂಪು ಹಳದಿ ಹೂವಿನ ಒಂದು ಜಾತಿ. ಅಲ್ಲಿನ ಸ್ಥಳೀಯ ಜಾತಿಗಳು ಚಳಿಗಾಲ ಬಂದರೆ ಒಣಗಿ ನೆಲಸೇರುತ್ತವೆ. ಹೊರಗಿನ ಈ ಜಾತಿ ಚಳಿ ಕಡಿಮೆ ಇರುವ ತೀರಗಳಲ್ಲಿ ವರ್ಷವಿಡೀ ಹಸಿರಾಗಿತ್ತು. ಕೆಲವು ಚಿಟ್ಟೆಗಳು ವಲಸೆ ಬಿಟ್ಟು ಅಲ್ಲೇ ಉಳಿದವು. ಚಿಟ್ಟೆಯ ಮೈಯಲ್ಲಿ ಬೆಳೆಯುವ ಒಂದು ಸೂಕ್ಷ್ಮ ಪರಾವಲಂಬಿಯ ಬೀಜಕಣಗಳು ಒಣಗಿ ಹೋಗದ ಆ ಎಲೆಗಳ ಮೇಲೆ ತಲೆಮಾರಿನಿಂದ ತಲೆಮಾರಿಗೆ ಕೂಡುತ್ತಾ ಬಂದವು. ಈಗ ಅಲ್ಲಿನ ಕೀಟ ಸಂರಕ್ಷಕರು ಆ ಜಾತಿಯನ್ನು ನೆಡಬೇಡಿ, ನೆಟ್ಟಿದ್ದರೆ ಚಳಿಗಾಲಕ್ಕೆ ಮೊದಲು ಬುಡಕ್ಕೆ ಕತ್ತರಿಸಿ ಎಂದು ಬೇಡಿಕೊಳ್ಳುತ್ತಿದ್ದಾರೆ. ನೆಟ್ಟವರ ಪ್ರೀತಿ ನಿಜವಾದದ್ದೇ. ಗಿಡದ ಹುಟ್ಟೂರನ್ನು ಕೇಳಲು ಮರೆತರು, ಅಷ್ಟೇ.

ಆದ್ದರಿಂದ ನೆರೆಹೊರೆಯವರು ಸೇರಿ ಶುರು ಮಾಡುವಾಗ ಮೊದಲ ಕೆಲಸ ಸಸಿ ತರುವುದಾಗಬಾರದು. ಮೊದಲು ನಡೆಯಿರಿ. ಸುತ್ತಲಿನ ರಸ್ತೆಯಂಚು, ಹಳೆಯ ಗೋಡೆ, ಉಳುಮೆ ಕಾಣದ ಜಾಗಗಳಲ್ಲಿ ಯಾರೂ ನೀರು ಹಾಕದೆ ತಾನೇ ಬೆಳೆದಿರುವುದು ಏನು, ಅದರ ಮೇಲೆ ಯಾವ ಕೀಟ ಕುಳಿತಿದೆ ಎಂದು ನೋಡಿ. ಕಳೆ ಎಂದು ನಾವು ಕಿತ್ತೆಸೆಯುವ ಎಷ್ಟೋ ಗಿಡಗಳು ಅಲ್ಲಿ ಛತ್ರ ನಡೆಸುತ್ತಿರುತ್ತವೆ. ಕಾಡಂಚಿನ ಗಿಡದ ಬೀಜ ತರುವುದಾದರೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೀಳಬೇಡಿ, ಬೇರುಸಹಿತ ಅಂತೂ ಎತ್ತಲೇಬೇಡಿ. ನರ್ಸರಿಯಿಂದ ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ಈ ಗಿಡ ಮೂಲತಃ ಎಲ್ಲಿಯದು? ಇದಕ್ಕೆ ನಿಯೋನಿಕೊಟಿನಾಯ್ಡ್ ಗುಂಪಿನ ಕೀಟನಾಶಕ ಹಾಕಿದ್ದಾರೆಯೇ? ಆ ವಿಷ ಗಿಡದ ರಸದಲ್ಲೇ ಬೆರೆತು ಪರಾಗ, ಮಕರಂದಗಳಿಗೂ ಇಳಿಯುತ್ತದೆ. ಐರೋಪ್ಯ ಒಕ್ಕೂಟ 2018ರಲ್ಲಿ ಇಂಥ ಮೂರು ವಿಷಗಳನ್ನು ಬಯಲಿನಲ್ಲಿ ಬಳಸುವುದನ್ನು ನಿಷೇಧಿಸಿತು. ದಳದ ಮೇಲೆ ದಳ ಒತ್ತಿ ತುಂಬಿದ ತಳಿಗಳನ್ನೂ ನಾನು ಈ ತೋಟಕ್ಕೆ ತರುವುದಿಲ್ಲ. ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುವುದರಿಂದ ಅವುಗಳಲ್ಲಿ ಜೇನಿಗೆ ಸಿಗುವುದು ಅತ್ಯಲ್ಪ.

ಎರಡನೆಯ ಕೆಲಸ ನಕ್ಷೆ. ನಾರ್ವೆಯ ಓಸ್ಲೊ ನಗರದಲ್ಲಿ 2015ರಲ್ಲಿ ಜನ ಜೇನುಗಳಿಗಾಗಿ ಒಂದು ಹೆದ್ದಾರಿಯ ಯೋಜನೆ ಹಾಕಿದರು. ಯಾರ ಮಹಡಿಯಲ್ಲಿ, ಯಾರ ಅಂಗಳದಲ್ಲಿ ಹೂವಿದೆ ಎಂಬುದನ್ನು ಎಲ್ಲರೂ ಒಂದೇ ನಕ್ಷೆಯಲ್ಲಿ ಗುರುತಿಸಿದರು. ಎಲ್ಲಿ ಹೂವಿದೆ ಎನ್ನುವುದಕ್ಕಿಂತ ಎಲ್ಲಿ ಇಲ್ಲ ಎನ್ನುವುದು ಅದರಲ್ಲಿ ಎದ್ದು ಕಂಡಿತು. ಈ ಉಪಾಯಕ್ಕೆ ಖರ್ಚಿಲ್ಲ. ಒಂದು ದೊಡ್ಡ ಕಾಗದದ ಮೇಲೆ ನಿಮ್ಮ ಬೀದಿಗಳನ್ನು ಬರೆದು, ಪ್ರತಿ ಹೂಪಾತಿಯ ಸುತ್ತ 200 ಮೀಟರಿನ ವೃತ್ತ ಎಳೆಯಿರಿ. ವೃತ್ತಗಳು ಒಂದನ್ನೊಂದು ಮುಟ್ಟದ ಜಾಗವೇ ನಿಮ್ಮ ಮುಂದಿನ ಪಾತಿಯ ಜಾಗ. ಆ ಜಾಗದ ಮನೆಯವರ ಬಾಗಿಲು ತಟ್ಟುವ ಕೆಲಸವನ್ನು ಗುಂಪಿನಲ್ಲಿ ಮಾತು ಚೆನ್ನಾಗಿ ಬಲ್ಲವರಿಗೆ ಬಿಡಿ.

ನಕ್ಷೆಯ ಪಕ್ಕದಲ್ಲಿ ಹನ್ನೆರಡು ತಿಂಗಳ ಒಂದು ಪಟ್ಟಿ ಇರಲಿ. ಯಾವ ತಿಂಗಳಲ್ಲಿ ಯಾವ ಗಿಡ ಹೂಬಿಡುತ್ತದೆ ಎಂದು ತುಂಬುತ್ತಾ ಹೋದರೆ, ಒಂದೆರಡು ತಿಂಗಳು ಖಾಲಿ ಉಳಿಯುವುದು ಹೆಚ್ಚುಕಡಿಮೆ ಖಂಡಿತ. ಹತ್ತು ತಿಂಗಳು ಹಬ್ಬದೂಟ ಹಾಕಿ ಎರಡು ತಿಂಗಳು ಬಾಗಿಲು ಮುಚ್ಚಿದರೆ ಹಸಿದವರು ಉಳಿಯುವುದಿಲ್ಲ. ಆ ಎರಡು ತಿಂಗಳ ಗಿಡವನ್ನು ಹುಡುಕುವುದಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ನೆಡುವಾಗ ಒಂದೊಂದು ಜಾತಿಯನ್ನೂ ಒಂದೊಂದು ಗುಂಪಾಗಿ ನೆಡಿ. ಜೇನು ಒಂದು ಪಯಣದಲ್ಲಿ ಒಂದೇ ಬಗೆಯ ಹೂವಿಗೆ ಅಂಟಿಕೊಳ್ಳುವುದನ್ನು ಅರಿಸ್ಟಾಟಲ್ ಆಗಲೇ ಗಮನಿಸಿದ್ದ.

ಈಗ ನನ್ನಿಂದಲೇ ಆದ ಒಂದು ತಪ್ಪನ್ನು ಹೇಳಬೇಕು. ನಮ್ಮ ಗುಂಪಿನ ಮೊದಲ ಪಾತಿಯ ಒಂದು ಮೂಲೆಯಲ್ಲಿ ಬರಿಯ ಗಟ್ಟಿ ನೆಲವಿತ್ತು. ಪೆನ್ಸಿಲ್ ತೂರುವಷ್ಟು ತೂತುಗಳು, ಸುತ್ತ ಪುಡಿಮಣ್ಣಿನ ಸಣ್ಣ ದಿಬ್ಬಗಳು. ಇರುವೆ ಗೂಡು ಎಂದುಕೊಂಡೆ. ತೇವ ಉಳಿಯಲಿ, ಕಳೆ ಬಾರದಿರಲಿ ಎಂದು ನಾಲ್ಕು ಬೆರಳು ದಪ್ಪಕ್ಕೆ ಮರದ ಚಕ್ಕೆಯ ಹೊದಿಕೆ ಹಾಕಿದೆ. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಐದಾರು ಸಣ್ಣ ಜೇನುಗಳು, ಹೊಟ್ಟೆಯಡಿ ಹಳದಿ ಪರಾಗ ಮೆತ್ತಿಕೊಂಡು, ಆ ಚಕ್ಕೆಗಳ ಮೇಲೆ ಅತ್ತಿತ್ತ ಹಾರುತ್ತಿದ್ದವು. ಇಳಿಯುವುದು, ಹುಡುಕುವುದು, ಮತ್ತೆ ಏಳುವುದು. ನಿಕೊ ಟಿನ್‌ಬರ್ಗೆನ್ ಎಂಬ ವಿಜ್ಞಾನಿ ಸುಮಾರು 90 ವರ್ಷಗಳ ಹಿಂದೆ ನೆಲಗೂಡಿನ ಕಣಜವೊಂದರ ಬಾಗಿಲ ಸುತ್ತ ಪೈನ್ ಕಾಯಿಗಳನ್ನು ಜೋಡಿಸಿಟ್ಟು, ಅದು ಹೊರಗೆ ಹೋದಾಗ ಆ ಬಳೆಯನ್ನು ಪಕ್ಕಕ್ಕೆ ಸರಿಸಿದ್ದರು. ಮರಳಿದ ಕಣಜ ಕಾಯಿಗಳ ನಡುವೆಯೇ ಬಾಗಿಲು ಹುಡುಕಿತು. ಸುತ್ತಲಿನ ಗುರುತುಗಳೇ ಅವುಗಳಿಗೆ ವಿಳಾಸ. ನಾನು ಒಂದು ಸಂಜೆಯಲ್ಲಿ ವಿಳಾಸವನ್ನೂ ಅಳಿಸಿ, ಬಾಗಿಲನ್ನೂ ಮುಚ್ಚಿದ್ದೆ. ಜೇನು ಜಾತಿಗಳಲ್ಲಿ ಹತ್ತಕ್ಕೆ ಸುಮಾರು ಏಳು ನೆಲದೊಳಗೆ ಗೂಡು ಮಾಡುತ್ತವೆ ಎಂಬುದನ್ನು ಓದಿ ತಿಳಿದದ್ದು ಆಮೇಲೆ. ಚಕ್ಕೆಗಳನ್ನೆಲ್ಲ ಕೈಯಿಂದಲೇ ಹೆಕ್ಕಿ ತೆಗೆದೆ. ಆ ವರ್ಷ ಅವು ಮತ್ತೆ ಬರಲಿಲ್ಲ.

ಅಂದಿನಿಂದ ಗುಂಪಿನ ಎಲ್ಲರಿಗೂ ನಾನು ಹೇಳುವುದು: ಬಿಸಿಲು ಬೀಳುವ, ನೀರು ನಿಲ್ಲದ ಒಂದಿಷ್ಟು ಬರಿಯ ನೆಲವನ್ನು ಹಾಗೇ ಬಿಡಿ. ಒಣಗಿದ ಟೊಳ್ಳು ಕಾಂಡಗಳನ್ನು ಬುಡಕ್ಕೆ ಸವರದೆ ಒಂದೂವರೆ ಅಡಿಯಷ್ಟು ಉಳಿಸಿ, ಅದರೊಳಗೂ ಗೂಡು ಮಾಡುವವರಿದ್ದಾರೆ. ಉದುರಿದೆಲೆಯನ್ನು ಸುಡಬೇಡಿ, ಎಷ್ಟೋ ಪತಂಗಗಳ ಕೋಶ ಅದರಡಿ ಮಲಗಿರುತ್ತದೆ. ಅಂಗಡಿಯಲ್ಲಿ ಸಿಗುವ ದೊಡ್ಡ ಜೇನುಮನೆಗಳ ಬಗ್ಗೆ ಎಚ್ಚರವಿರಲಿ. ನೂರಾರು ತೂತು ಒಂದೇ ಕಡೆ ಇದ್ದರೆ ರೋಗವೂ ಪರಾವಲಂಬಿಗಳೂ ಬೇಗ ಹರಡುತ್ತವೆ. ಚಿಕ್ಕದಾಗಿ, ಅಲ್ಲೊಂದು ಇಲ್ಲೊಂದು ಇಟ್ಟು, ಹಳೆಯ ಕೊಳವೆಗಳನ್ನು ಮರಿಗಳು ಹೊರಟ ಮೇಲೆ ಬದಲಿಸುವವರು ಇದ್ದರೆ ಮಾತ್ರ ಇಡಿ.

ರಾತ್ರಿಯ ದೀಪದ ಬಗ್ಗೆ ಒಂದು ಮಾತು. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲುಗಳಲ್ಲಿ ದೀಪ ಹಾಕಿ ನೋಡಿದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ಬೆಳಕಿರುವ ಕಡೆ ಹೂವಿಗೆ ರಾತ್ರಿ ಬರುವ ಕೀಟಗಳ ಭೇಟಿ ಶೇಕಡ 62ರಷ್ಟು ಇಳಿದಿತ್ತು. ಹಗಲಿನ ಕೀಟಗಳು ಬಂದರೂ ಕಾಯಿ ಕಟ್ಟುವುದು ಮೊದಲಿನಂತಾಗಲಿಲ್ಲ. ಪಾತಿಯ ಮೇಲಿನ ಅಲಂಕಾರದ ದೀಪ ಆರಿಸುವುದಕ್ಕಿಂತ ಸುಲಭದ ಸೇವೆ ನನಗೆ ಗೊತ್ತಿಲ್ಲ.

ಇಂಥ ತೋಟಗಳಿಗೆ ಬರಗಾಲಕ್ಕಿಂತ ಹೆಚ್ಚು ಹಾನಿ ಮಾಡಿರುವುದು ಅಕ್ಕಪಕ್ಕದವರ ದೂರು. “ಪೊದೆ ಬೆಳೆಸಿದ್ದಾರೆ, ಹಾವು ಬರುತ್ತದೆ, ನೋಡಲು ಅಸಹ್ಯ” ಎಂದು ಯಾರೋ ಹೇಳುತ್ತಾರೆ, ಒಂದು ದಿನ ಯಂತ್ರ ಬಂದು ಎಲ್ಲವನ್ನೂ ಸವರಿ ಹೋಗುತ್ತದೆ. ದೂರು ಕೊಟ್ಟವರನ್ನು ನಾನು ಶತ್ರುವೆಂದು ಭಾವಿಸುವುದಿಲ್ಲ. ತೋಟವನ್ನು ಯಾರೋ ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದಾರೆ ಎಂಬ ಗುರುತು ಅವರಿಗೆ ಕಾಣಬೇಕು. ಭೂದೃಶ್ಯ ವಿನ್ಯಾಸದ ವಿದ್ವಾಂಸೆ ಜೋನ್ ನಾಸವರ್ 1995ರಲ್ಲಿ ಇದನ್ನೇ ವಾದಿಸಿದರು: ಒಳಗೆ ಎಷ್ಟೇ ಕಾಡಿನಂತಿರಲಿ, ಅದಕ್ಕೊಂದು ಅಚ್ಚುಕಟ್ಟಾದ ಚೌಕಟ್ಟು ಕೊಡಿ. ನಾವು ಮಾಡಿದ್ದೂ ಅಷ್ಟೇ. ಪಾತಿಯ ಸುತ್ತ ಎರಡು ಅಡಿ ಹುಲ್ಲನ್ನು ನೀಟಾಗಿ ಕತ್ತರಿಸಿದೆವು, ಕಲ್ಲಿನ ಅಂಚು ಕಟ್ಟಿದೆವು, ನಡೆಯಲು ಒಂದು ಕಾಲುದಾರಿ ಬಿಟ್ಟೆವು, ಗಿಡಗಳ ಹೆಸರಿನ ಹಲಗೆ ನೆಟ್ಟೆವು. ಹಲಗೆಯನ್ನು ಮಕ್ಕಳ ಕೈಯಲ್ಲಿ ಬರೆಸಿದೆವು. ಆಮೇಲೆ ದೂರು ಬರಲಿಲ್ಲ. ಹಾಲು ತರಲು ಹೊರಟವರು ನಿಂತು ಹಲಗೆ ಓದತೊಡಗಿದರು.

ಎಣಿಸುವ ಕೆಲಸವನ್ನು ಗುಂಪುಗಳು ಬಿಟ್ಟುಬಿಡುವುದೇ ಹೆಚ್ಚು, ನನಗೆ ಅದು ನೆಡುವಷ್ಟೇ ಮುಖ್ಯ. ಬ್ರಿಟನ್ನಿನಲ್ಲಿ ಸಾಮಾನ್ಯ ಜನರಿಗಾಗಿ ರೂಪಿಸಿದ ಒಂದು ವಿಧಾನ ತುಂಬ ಸರಳ. ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಒಂದು ಚೌಕ, ಅದರೊಳಗೆ ಒಂದು ಬಗೆಯ ಹೂವು, 10 ನಿಮಿಷ ಸಮಯ. ಹೂವಿಗೆ ಬಂದ ಪ್ರತಿ ಕೀಟಕ್ಕೂ ಒಂದು ಗೀಟು. ಜಾತಿಯ ಹೆಸರು ತಿಳಿಯಬೇಕಿಲ್ಲ. ಜೇನೋ, ಚಿಟ್ಟೆಯೋ, ನೊಣವೋ, ಜೀರುಂಡೆಯೋ ಎಂದು ಗೊತ್ತಾದರೆ ಸಾಕು. ಜರ್ಮನಿಯ ಕ್ರೆಫೆಲ್ಡ್ ಎಂಬ ಊರಿನ ಕೀಟಾಸಕ್ತರ ಸಂಘದವರಲ್ಲಿ ಹೆಚ್ಚಿನವರು ಹವ್ಯಾಸಿಗಳು. 63 ಸಂರಕ್ಷಿತ ಜಾಗಗಳಲ್ಲಿ ಅವರು 27 ವರ್ಷ ಬಲೆಡೇರೆ ಹಾಕಿ ಹಾರುವ ಕೀಟಗಳನ್ನು ಹಿಡಿದು ತೂಗಿ ಬರೆದಿಟ್ಟರು. ಕೀಟಗಳ ಒಟ್ಟು ತೂಕ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದಿದೆ ಎಂದು 2017ರಲ್ಲಿ ಜಗತ್ತಿಗೆ ತಿಳಿದದ್ದು ಆ ಪುಸ್ತಕಗಳಿಂದ. ಅದಾಗಿ ಎರಡು ವರ್ಷಕ್ಕೆ, 2019ರಲ್ಲಿ, ಅದೇ ದೇಶದ ಬವೇರಿಯ ರಾಜ್ಯದಲ್ಲಿ “ಜೇನುಗಳನ್ನು ಉಳಿಸಿ” ಎಂಬ ಮನವಿಗೆ ಸಹಿ ಹಾಕಲು ಜನ ಚಳಿಯಲ್ಲಿ ಪುರಸಭೆಗಳ ಮುಂದೆ ಸಾಲುಗಟ್ಟಿದರು. ಎರಡು ವಾರದಲ್ಲಿ ಸುಮಾರು 17 ಲಕ್ಷ ಸಹಿ. ಮತದಾರರ ಶೇಕಡ 10ರಷ್ಟು ಸಹಿ ಸಾಕಿತ್ತು, ಬಂದದ್ದು ಶೇಕಡ 18ಕ್ಕೂ ಹೆಚ್ಚು. ಅದೇ ವರ್ಷ ಅದು ಕಾನೂನಾಯಿತು.

“ನಮ್ಮಲ್ಲಿ ನಾಲ್ಕೇ ಮನೆಯವರಿದ್ದೇವೆ, ಎಲ್ಲಿಂದ ಶುರು ಮಾಡೋಣ?” ಎಂದು ಹಿಂದಿನ ಸಾಲಿನ ಅಮ್ಮ ಕೇಳಿದರು. ಅಮ್ಮ, ನಾಲ್ಕು ಮನೆ ಬಹಳವಾಯಿತು. ಮೋಡವಿಲ್ಲದ ಒಂದು ಬೆಳಿಗ್ಗೆ ನಾಲ್ವರೂ ನಿಮ್ಮ ನಿಮ್ಮ ಅಂಗಳದಲ್ಲಿ ಒಂದು ಹೂವಿನ ಮುಂದೆ ಹತ್ತು ನಿಮಿಷ ಕುಳಿತು ಎಣಿಸಿ. ಸಂಜೆ ನಾಲ್ಕು ಚೀಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಯಾರ ಚೀಟಿ ಖಾಲಿ ಇದೆಯೋ ಅವರ ಅಂಗಳದಿಂದ ಶುರು ಮಾಡಿ.

ಚಕ್ಕೆ ಹೆಕ್ಕಿ ತೆಗೆದ ನಮ್ಮ ಆ ಮೂಲೆಗೆ ಮಾರನೆಯ ವರ್ಷ ಎರಡು ಜೇನುಗಳು ಬಂದವು. ಈ ವರ್ಷ ಹನ್ನೊಂದು ಬಾಗಿಲು ಎಣಿಸಿದೆವು. ಸುತ್ತ ಎಲ್ಲೆಲ್ಲೂ ಗಿಡಗಳು ತುಂಬಿವೆ. ಅಲ್ಲಿ ಮಾತ್ರ ಇಂದಿಗೂ ನಾವು ಏನನ್ನೂ ನೆಟ್ಟಿಲ್ಲ.